ಕೇಳದೆ ಬರೆದ ಸಾಲು

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ನಾನು ಮೂವತ್ತೊಂದು ವರ್ಷ ಓಡಾಡಿದ ಊರುಗಳಲ್ಲೇ ಅವರಿಗೂ ಕೆಲಸ. ಆಗ ನಮ್ಮನ್ನು ಎಎನ್‌ಎಂ ಅನ್ನುತ್ತಿದ್ದರು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅನ್ನುತ್ತಾರೆ. ಹೆಗಲ ಮೇಲಿನ ಲಸಿಕೆ ಡಬ್ಬಿ ಮಾತ್ರ ಅದೇ. ಕಾಫಿ ಕುಡಿದರು, ರಿಜಿಸ್ಟರು, ಆ್ಯಪು, ಮೀಟಿಂಗು ಎಲ್ಲ ವಿಚಾರಿಸಿದರು. ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುವಾಗ ಒಬ್ಬಳು ತಿರುಗಿ ಕೇಳಿದಳು: "ಮೇಡಂ, ಗಂಡ ಹೊಡ್ದ ಅಂತ ಯಾರಾದ್ರೂ ಬಂದ್ರೆ ನಾವೇನ್ ಮಾಡ್ಬೇಕು? ಟ್ರೈನಿಂಗಲ್ಲಿ ಒಂದ್ ಗಂಟೆ ಹೇಳಿದ್ರು, ಸರಿಯಾಗ್ ತಲೆಗ್ ಹೋಗ್ಲಿಲ್ಲ."

"ಡಾಕ್ಟ್ರ ಹತ್ರ ಕಳ್ಸಮ್ಮ" ಅಂದುಬಿಟ್ಟೆ. ಅವರು ಸ್ಕೂಟಿ ಹತ್ತಿ ಹೋದರು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸೊಪ್ಪು ಸೋಸುತ್ತಾ ಇದ್ದವಳು ಎದ್ದು ಬಾಗಿಲಿಗೆ ಬಂದು ನಿಲ್ಲುತ್ತೇನೆ, ಯಾಕೆ ಬಂದೆ ಅನ್ನುವುದು ಮರೆತು ಒಳಗೆ ಹೋಗುತ್ತೇನೆ. ಆ ಮಗುವಿಗೆ ನಾನು ಹೇಳಿದ್ದು ಉತ್ತರವೇ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಇಬ್ಬರು ಹೆಂಗಸರನ್ನು ಕೇಳಿ, ಅವರು ಒಪ್ಪಿದ ಮೇಲೆ, ಹೆಸರುಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಊರು ತುಮಕೂರು ರಸ್ತೆಯಲ್ಲಿ ಮಾಕಳಿಯ ಆಸುಪಾಸು ಅಂದರೆ ಸಾಕು.

ಮೊದಲು ಒಂದು ವಿಷಯ. "ಗಂಡ ಹೊಡೆದ" ಅಂತ ಯಾರೂ ಬರುವುದಿಲ್ಲ. ತಲೆನೋವು ಅಂತ ಬರುತ್ತಾರೆ. ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ, ಬಿಪಿ ನೋಡಿ ಸಿಸ್ಟರ್ ಅಂತ ಬರುತ್ತಾರೆ. ಗಾರ್ಮೆಂಟ್ಸಿಗೆ ಹೋಗುವ ಉತ್ತರ ಕರ್ನಾಟಕದ ಕಡೆಯ ಒಬ್ಬಳು ಮೂರು ಸಲ ಬಂದಿದ್ದಳು. ಮೂರು ಸಲವೂ ಕೇಳಿದ್ದು ಒಂದೇ, ರಜೆಗೆ ತೋರಿಸಲು ಡಾಕ್ಟರ ಸರ್ಟಿಫಿಕೇಟು. ಮೂರನೇ ಸಲ ಅವಳ ಕೆಳದುಟಿ ಒಡೆದಿತ್ತು. ಆಗ ನಮ್ಮ ವೈದ್ಯಾಧಿಕಾರಿಗಳು ಹಿರಿಯರು, ನಿವೃತ್ತಿಗೆ ಎರಡು ವರ್ಷ ಇತ್ತು. ಜ್ವರ ಅಂತ ಬರೆದು ಕೊಟ್ಟರು. ಅವಳು ಹೋದ ಮೇಲೆ ನಾನು, "ಸಾರ್, ತುಟಿ..." ಅಂದೆ. "ನಾವು ಡಾಕ್ಟ್ರು ಕಣಮ್ಮ, ಪಂಚಾಯ್ತಿ ಮಾಡೋರಲ್ಲ. ಮನೆ ಜಗಳಕ್ಕೆಲ್ಲ ತಲೆ ಹಾಕಿದ್ರೆ ಇಲ್ಲಿ ಲಸಿಕೆ ಹಾಕೋರು ಯಾರು?" ಅಂದರು. ಕೆಟ್ಟ ಮನುಷ್ಯರಲ್ಲ ಅವರು. ನನಗೂ ಆ ಮಾತು ಕೇಳಿ ಒಳಗೊಳಗೆ ಹಗುರಾಯಿತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಮುಂದಿನ ತಿಂಗಳು ಅವಳಿದ್ದ ಶೀಟಿನ ಮನೆಗೆ ಹೋದರೆ ಬೇರೆಯವರು ಬಾಡಿಗೆಗೆ ಬಂದಿದ್ದರು. ಎಲ್ಲಿಗೆ ಹೋದಳು, ಇದ್ದಾಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಈಗ ಪವಿತ್ರಾಳ ವಿಷಯ.

ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಊರಿನ ಹಳೆಯ ಒಕ್ಕಲು ಕುಟುಂಬವೊಂದರ ಮನೆಯ ಮುಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಅವರ ಹೊಲ ಫ್ಯಾಕ್ಟರಿ ಶೆಡ್ಡುಗಳಾಗಿತ್ತು, ರಾಗಿ ಕಣ ಇದ್ದ ಜಾಗದಲ್ಲಿ ಬಾಡಿಗೆಗೆ ಸಾಲು ಮನೆಗಳು ಎದ್ದಿದ್ದವು. ಮನೆಯ ಯಜಮಾನಿ ಗಂಗಮ್ಮ. ನನಗಿಂತ ಎರಡು ವರ್ಷ ದೊಡ್ಡವಳು. ಹನ್ನೊಂದು ವರ್ಷ ಆ ಕೋಣೆಯಲ್ಲಿ ಕೂತಿದ್ದೇನೆ, ನನ್ನ ಡಬ್ಬಿಯ ಚಿತ್ರಾನ್ನ ಅವಳಿಗೆ, ಅವಳ ಸೊಪ್ಪಿನ ಸಾರು ನನಗೆ. ಯಜಮಾನರು ಹೆಚ್ಚು ಮಾತಾಡುತ್ತಿರಲಿಲ್ಲ. ಒಬ್ಬನೇ ಮಗ ಲೋಕೇಶ, ಕಂಪನಿಗಳಿಗೆ ಟೆಂಪೋ ಟ್ರಾವೆಲರ್ ಓಡಿಸುತ್ತಿದ್ದ. ಅವನಿಗೆ ಮಾಗಡಿ ಕಡೆಯಿಂದ ತಂದ ಹೆಣ್ಣು ಪವಿತ್ರ, ಬಿ.ಕಾಂ. ಓದಿದವಳು.

ಮೂರು ತಿಂಗಳ ಗರ್ಭಿಣಿಯಾದಾಗ ತಾಯಿ ಕಾರ್ಡು ಮಾಡಿಸಲು ಗಂಗಮ್ಮನೇ ಕರೆದುಕೊಂಡು ಬಂದಳು. ಬಿಪಿ ಪಟ್ಟಿ ಕಟ್ಟಲು ಎಡಗೈ ಹಿಡಿದರೆ, "ಬಲಗೈಗೆ ಕಟ್ಟಿ ಸಿಸ್ಟರ್" ಅಂದಳು ಪವಿತ್ರ. ನಾನು ಅಭ್ಯಾಸಬಲದಿಂದ ಎಡಗೈಯ ಬಟ್ಟೆಯ ತೋಳು ಮೇಲೆ ಸರಿಸಿದ್ದೆ. ಮೊಣಕೈ ಮೇಲೆ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು.

"ಏನಮ್ಮಾ ಇದು?" ಅಂದೆ.

ಪವಿತ್ರ ಬಾಯಿ ತೆರೆಯುವುದಕ್ಕೆ ಮುಂಚೆ ಗಂಗಮ್ಮ, "ನಲ್ಲಿ ತಾವ ಜಾರ್‌ಬುಟ್ಲು ನರ್ಸಮ್ಮ. ಕಣ್ಣು ಎತ್ತಗಿರ್ತದೋ" ಅಂದಳು.

ನಾನು ರಿಜಿಸ್ಟರಿನಲ್ಲಿ ಬರೆದೆ: 'ಎಡತೋಳಿಗೆ ತರಚು ಮತ್ತು ಊತ, ಜಾರಿ ಬಿದ್ದದ್ದು.' ಕೆಳಗೆ ಸಹಿ ಹಾಕಿದೆ. ನಲ್ಲಿಯ ಹತ್ತಿರ ಜಾರಿ ಬಿದ್ದವಳ ತೋಳಿನಲ್ಲಿ ಬೆರಳಿನ ಗುರುತು ಬರುವುದಿಲ್ಲ ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹಿಂದೆ ಇನ್ನೂ ಹನ್ನೆರಡು ಜನ ನಿಂತಿದ್ದರು, ಎದುರಿಗೆ ಗಂಗಮ್ಮ ಇದ್ದಳು, ಅವಳ ಮನೆಯ ಕುರ್ಚಿಯಲ್ಲೇ ನಾನು ಕೂತಿದ್ದೆ.

ಅದಾಗಿ ಹದಿನೈದು ದಿನಕ್ಕೆ ಪವಿತ್ರ ಕಬ್ಬಿಣದ ಮಾತ್ರೆಗೆ ಅಂತ ಒಬ್ಬಳೇ ಬಂದಳು. ಮಾತ್ರೆ ತೆಗೆದುಕೊಂಡವಳು ಹೊರಡಲಿಲ್ಲ. "ಅವತ್ತು ನೀವು ನೋಡಿದ್ರಲ್ಲ... ಅದು ಜಾರಿದ್ದಲ್ಲ ಸಿಸ್ಟರ್" ಅಂದಳು. ಅಷ್ಟು ಹೇಳಿ ಬಾಗಿಲ ಕಡೆ ನೋಡಿದಳು. "ಯಾರ್‌ಗೂ ಹೇಳ್ಬೇಡಿ. ನಿಮ್ಗೆ ಗೊತ್ತಿರ್ಲಿ ಅಂತ ಅಷ್ಟೆ."

ನಾನು ಅವಳನ್ನು ಕೂರಿಸಲಿಲ್ಲ, ಏನೂ ಕೇಳಲಿಲ್ಲ. "ಎಲ್ಲ ಸರಿ ಹೋಗುತ್ತೆ, ಮಗು ಆದ್ಮೇಲೆ ಗಂಡಸ್ರು ಬದಲಾಗ್ತಾರೆ" ಅಂತ ಒಂದು ಮಾತು ಹೇಳಿ ಕಳಿಸಿದೆ.

ಮಾರನೇ ದಿನ ಊಟದ ಹೊತ್ತಿನಲ್ಲಿ ನಾನು ಆ ದೊಡ್ಡ ತಪ್ಪು ಮಾಡಿದೆ. ಗಂಗಮ್ಮ ಸಾರಿನ ಬಟ್ಟಲು ತಂದಿಟ್ಟಳು. ಹನ್ನೊಂದು ವರ್ಷದ ಒಡನಾಟ, ಇವಳಿಗೆ ಹೇಳಿದರೆ ಮಗನಿಗೆ ಬುದ್ಧಿ ಹೇಳುತ್ತಾಳೆ, ಮನೆಯ ವಿಷಯ ಮನೆಯಲ್ಲೇ ಬಗೆಹರಿಯುತ್ತದೆ ಅಂದುಕೊಂಡೆ. ನನ್ನ ಜಾಣತನದ ಮೇಲೆ ನನಗೇ ಹೆಮ್ಮೆ ಆಯಿತು. "ಗಂಗಮ್ಮ, ಲೋಕೇಶಂಗೆ ಸ್ವಲ್ಪ ಹೇಳು. ಬಸ್ರಿ ಹೆಂಗ್ಸು, ಕೈ ಮಾಡ್ಬಾರ್ದು" ಅಂದೆ.

ಅವಳು ನನ್ನ ಮುಖ ನೋಡಲಿಲ್ಲ. ಬಟ್ಟಲಿಗೆ ತಟ್ಟೆ ಮುಚ್ಚುತ್ತಾ, "ಅವ್ಳೇ ಏಳಿದ್ಲಾ?" ಅಂದಳು.

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಹೌದು ಅಂದ ಹಾಗಾಯಿತು.

"ಆಯ್ತು ಬುಡು ನರ್ಸಮ್ಮ, ನಾ ಏಳ್ತೀನಿ" ಅಂದಳು.

ಮುಂದಿನ ತಪಾಸಣೆಗೆ ಪವಿತ್ರ ಬರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಗಂಗಮ್ಮನನ್ನು ಕೇಳಿದರೆ, "ಪ್ರೈವೇಟಲ್ಲಿ ತೋರಿಸ್ತಾವ್ನೆ ನಮ್ ಹುಡ್ಗ" ಅಂದಳು. ಸಾರಿನ ಬಟ್ಟಲು ಬರುವುದು ನಿಂತಿತು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಪವಿತ್ರ ಇದ್ದಳು, ಕೆಳಗೆ ನಾನು ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದೆ. ಮೇಲೆ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಸೂಜಿ ಹಿಡಿದ ಕೈ ನಿಲ್ಲುತ್ತಿತ್ತು.

ನಮ್ಮ ಆಶಾ ಕಾರ್ಯಕರ್ತೆ ಶಾಹಿನಾ ಸಾಲು ಮನೆಗಳಲ್ಲೆಲ್ಲ ಓಡಾಡುವವಳು. ಮೂರು ವಾರದ ಮೇಲೆ ನನ್ನನ್ನು ಓಣಿಯ ಮೂಲೆಗೆ ಕರೆದಳು. "ಅಕ್ಕಾ, ಬಾಡಿಗೆಯೋರು ಹೇಳ್ತಾವ್ರೆ. ಆ ಹುಡುಗಿ ಫೋನ್ ಕಿತ್ಕೊಂಡವ್ರಂತೆ. ನರ್ಸ್ ಹತ್ರ ಮನೆ ಮಾನ ಕಳೀತೀಯಾ ಅಂತ ಕೂಗ್ತಾ ಹೊಡೆದನಂತೆ. ಎಲ್ರಿಗೂ ಕೇಳ್ಸಿದೆ."

ನರ್ಸ್ ಹತ್ತಿರ. ಅಂದರೆ ನನ್ನಿಂದ.

ಹಳೆಯ ಡಾಕ್ಟರು ನಿವೃತ್ತರಾಗಿ ಅವರ ಜಾಗಕ್ಕೆ ಡಾಕ್ಟರ್ ಶಿವಲೀಲಾ ಆಗಷ್ಟೇ ಬಂದಿದ್ದರು. ಹುಬ್ಬಳ್ಳಿ ಕಡೆಯವರು, ನನ್ನ ಮಗಳ ವಯಸ್ಸು. ಅವರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ರಿಜಿಸ್ಟರ್ ತರಿಸಿ ಆ ಸಾಲಿನ ಮೇಲೆ ಬೆರಳಿಟ್ಟರು.

"ಜಾರಿ ಬಿದ್ದದ್ದು ಅಂತ ಅಕಿ ಹೇಳಿದ್ಲೇನ್ರಿ?"

"ಇಲ್ಲ ಮೇಡಂ, ಅತ್ತೆ ಹೇಳಿದ್ದು."

"ಮತ್ತ ಅಕಿನ್ನ ಕೇಳಿದ್ರ್ಯಾ?"

"ಇಲ್ಲ."

"ಯಾರ್‌ಗೂ ಹೇಳಬ್ಯಾಡ್ರಿ ಅಂದಾಕಿ ಮಾತು ಅಕಿ ಅತ್ತೀಗೇ ಹೋಗಿ ಮುಟ್ಟಿಸಿದ್ರಿ." ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿ ಇತ್ತು. ನನಗೆ ಕಣ್ಣಲ್ಲಿ ನೀರು ಬಂತು. "ಅಳಬ್ಯಾಡ್ರಿ ಸಿಸ್ಟರ್. ಅತ್ತು ಮನಿಗೆ ಹೋದ್ರ ಅಕಿ ಗತಿ ಏನು? ಅಕಿದು ಎರಡನೇ ಇಂಜೆಕ್ಷನ್ ಯಾವಾಗ?"

ಧನುರ್ವಾತದ ಎರಡನೇ ಇಂಜೆಕ್ಷನ್ ಬಾಕಿ ಇತ್ತು. ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡವಳು ಯಾವ ಮನೆಯ ಬಾಗಿಲನ್ನಾದರೂ ತಟ್ಟಬಹುದು. ಪೊಲೀಸರಿಗೂ ಇಲ್ಲದ ಸಲೀಸು ನಮಗಿದೆ, ಅದನ್ನು ಮರೆಯಬೇಡಿ. ಡಾಕ್ಟರು ನನಗೆ ಹೇಳಿಕೊಟ್ಟದ್ದು ಇಷ್ಟು: ಅವಳು ಒಬ್ಬಳೇ ಇರುವಾಗ ಮಾತ್ರ ಕೇಳಬೇಕು. ಗಂಡನನ್ನು ಬಿಡು ಅಂತಲೂ ಹೇಳಬಾರದು, ಹೊಂದಿಕೊಂಡು ಹೋಗು ಅಂತಲೂ ಹೇಳಬಾರದು. ಅವಳಿಗೆ ಏನು ಬೇಕೋ ಕೇಳಿ, ಅದನ್ನಷ್ಟೇ ಮಾಡಬೇಕು.

ಮಾರನೇ ದಿನ ಬೆಳಿಗ್ಗೆ ಶಾಹಿನಾಳೂ ನಾನೂ ಮೆಟ್ಟಿಲು ಹತ್ತಿದೆವು. ಲೋಕೇಶ ಟ್ರಿಪ್ಪಿಗೆ ಹೋಗಿದ್ದ. ಗಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. "ಪ್ರೈವೇಟಲ್ಲಿ ಆಕ್ಸಿದೀವಿ."

"ಕಾರ್ಡಲ್ಲಿ ಎಂಟ್ರಿ ಇಲ್ಲ ಗಂಗಮ್ಮ. ಹೆರಿಗೆ ಹೊತ್ತಲ್ಲಿ ಆಸ್ಪತ್ರೇಲಿ ಕೇಳ್ತಾರೆ" ಅಂದೆ. ಅವಳು ಮನಸ್ಸಿಲ್ಲದೆ ದಾರಿ ಬಿಟ್ಟಳು. ಶಾಹಿನಾ ತಕ್ಷಣ, "ಅಮ್ಮಾ, ಡೆಂಗ್ಯೂ ಸರ್ವೆ ಐತೆ. ಮೇಲಿನ ಡ್ರಮ್ಮು, ಟ್ಯಾಂಕು ತೋರ್ಸಿ. ಫೋಟೋ ಹಾಕ್ಬೇಕು, ನೀವೂ ಬರ್ಬೇಕು" ಅಂತ ಅವಳ ಕೈ ಹಿಡಿದುಕೊಂಡೇ ತಾರಸಿಗೆ ನಡೆದಳು. ಸರ್ವೆ ಇದ್ದದ್ದೂ ನಿಜವೇ. ಆ ಮನೆಯನ್ನು ಅವತ್ತಿಗೆ ಇಟ್ಟುಕೊಂಡಿದ್ದಳು, ಅಷ್ಟೆ.

ಪವಿತ್ರ ಮಂಚದ ತುದಿಯಲ್ಲಿ ಕೂತಿದ್ದಳು. "ಹೇಗಿದೀಯಮ್ಮಾ?" ಅಂದೆ. ಅವಳು ತಲೆ ಓರೆ ಮಾಡಿ ಬಲಗಿವಿ ನನ್ನ ಕಡೆ ತಿರುಗಿಸಿದಳು. "ಆ?" ಅಂದಳು. ಎಡಗಿವಿಯಲ್ಲಿ ಹತ್ತಿ ಇತ್ತು.

ಕಪಾಳಕ್ಕೆ ಬಿದ್ದ ಏಟಿಗೆ ಕಿವಿಯ ತಮಟೆ ಹರಿದಿತ್ತು. ಅದು ಆದದ್ದು ನಾನು ಗಂಗಮ್ಮನಿಗೆ ಹೇಳಿದ ದಿನವೇ ಸಂಜೆ.

"ಹೇಳ್ಬೇಡಿ ಅಂದಿದ್ದೆ" ಅಂದಳು ಪವಿತ್ರ. ಬಯ್ಗುಳ ಅಲ್ಲ, ಅಳುವೂ ಅಲ್ಲ.

"ತಪ್ಪಾಯ್ತಮ್ಮ. ನನ್ನಿಂದ ಆಗಿದ್ದು ಇದು." ಬೇರೆ ಏನು ಹೇಳುವುದಕ್ಕಿತ್ತು? "ಈಗ ನಿನಗೇನು ಬೇಕು ಹೇಳು. ಅಷ್ಟೇ ಮಾಡ್ತೀನಿ. ನೀನು ಹೇಳ್ದೆ ಒಬ್ರಿಗೂ ಬಾಯಿ ಬಿಡಲ್ಲ."

ನನ್ನನ್ನು ನಂಬಬಹುದೋ ಇಲ್ಲವೋ ಅಂತ ಅವಳು ನೋಡುತ್ತಿದ್ದ ರೀತಿ ಈಗಲೂ ನನ್ನನ್ನು ಸುಡುತ್ತದೆ. ಮೇಲೆ ಡ್ರಮ್ಮಿನ ಮುಚ್ಚಳ ಸರಿಸುವ ಸದ್ದು ಕೇಳುತ್ತಿತ್ತು.

"ಪೊಲೀಸ್ ಬೇಡ" ಅಂದಳು ಕೊನೆಗೆ. "ಈಗ ಬೇಡ. ಕಿವಿ ತೋರಿಸ್ಬೇಕು, ಕೀವು ಬರ್ತಿದೆ. ನಮ್ಮಮ್ಮಂಗೆ ಹೇಳಿ. ಅಪ್ಪಂಗಲ್ಲ, ಅಮ್ಮಂಗೆ. ಅಪ್ಪಂಗೆ ಹೇಳಿದ್ರೆ ಇಲ್ಲಿಗ್ ಬಂದು ಕೂಗಾಡಿ ನನ್ನ ಇಲ್ಲೇ ಬಿಟ್ಟು ಹೋಗ್ತಾರೆ." ಅಮ್ಮನ ನಂಬರು ಹೇಳಿದಳು. ಲಸಿಕೆ ಚೀಟಿಯ ಹಿಂದೆ ಬರೆದುಕೊಂಡೆ. ಇಂಜೆಕ್ಷನ್ ಹಾಕಿ ಹತ್ತಿ ಒತ್ತುವಷ್ಟರಲ್ಲಿ ಗಂಗಮ್ಮ ಇಳಿದು ಬಂದಳು.

ಮುಂದಿನ ವಾರ ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆಯ ದಿನ. ಬಾರದಿದ್ದರೆ ಮನೆಗೇ ಬರುತ್ತೇವೆ ಅಂತ ಡಾಕ್ಟರು ಫೋನು ಮಾಡಿಸಿದ್ದರಿಂದ ಲೋಕೇಶನೇ ಗಾಡಿಯಲ್ಲಿ ಕರೆತಂದ. ಅಂದಿನಿಂದ ಡಾಕ್ಟರು ಒಂದು ನಿಯಮ ಮಾಡಿದ್ದರು: ಕೋಣೆಗೆ ಗರ್ಭಿಣಿ ಒಬ್ಬರೇ, ಯಾರ ಗಂಡನೂ ಇಲ್ಲ, ಯಾರ ಅತ್ತೆಯೂ ಇಲ್ಲ. ಎಲ್ಲರಿಗೂ ಅನ್ವಯಿಸಿದ್ದರಿಂದ ಅವನೊಬ್ಬನನ್ನೇ ತಡೆದ ಹಾಗಾಗಲಿಲ್ಲ. ನಾನು ಬಾಗಿಲಲ್ಲಿ ನಿಂತೆ.

ಒಳಗೆ ಡಾಕ್ಟರು ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತಿದ್ದರು. ಯಾವತ್ತು, ಯಾವುದರಿಂದ, ಎಲ್ಲಿಗೆ ಪೆಟ್ಟು, ಮೈಯ ಚಿತ್ರದ ಮೇಲೆ ಗುರುತು. ಅರ್ಧ ಗಂಟೆಯಾಯಿತು. ಲೋಕೇಶ ಎದ್ದು ಬಂದ.

"ಏನ್ ಸಿಸ್ಟರ್, ಬೇರೆಯೋರೆಲ್ಲ ಹತ್ತ್ ನಿಮಿಷಕ್ಕೆ ಹೋದ್ರು. ನಮ್ದೇನು ಸ್ಪೆಷಲ್ಲಾ?"

"ಕಿವಿ ಸೋರ್ತಿದೆ, ನೋಡ್ತಿದಾರೆ."

"ಕಿವಿ ನೋಡಕ್ಕೆ ಬಾಗ್ಲು ಯಾಕ್ ಹಾಕ್ಬೇಕು? ತಗೀರಿ."

ಅವನು ಚಿಕ್ಕವನಿದ್ದಾಗ ಇದೇ ಕೈಯಲ್ಲಿ ಅವನಿಗೆ ಇಂಜೆಕ್ಷನ್ ಹಾಕಿದ್ದೇನೆ. ಈಗ ಅವನ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು. "ಒಳಗೆ ಹೆಂಗಸರ ತಪಾಸಣೆ ನಡೀತಿದೆ ಲೋಕೇಶ. ನಾನು ತೆಗೆಯಲ್ಲ" ಅಂದೆ. ಸಾಲಿನಲ್ಲಿ ಕೂತಿದ್ದ ಒಬ್ಬ ಬಸುರಿ ಹೆಂಗಸು, "ಏನಣ್ಣ, ನಾವೆಲ್ಲ ಕಾಯ್ತಿಲ್ವಾ?" ಅಂದಳು. ಎಲ್ಲರೂ ಅವನನ್ನೇ ನೋಡಿದರು. ಅವನು ಹೋಗಿ ಗಾಡಿಯ ಬಾಗಿಲು ದಡಾರನೆ ಹಾಕಿಕೊಂಡು ಕೂತ.

ಪವಿತ್ರಾಳ ಅಮ್ಮನಿಗೆ ನಾನು ಫೋನು ಮಾಡಿದ್ದೆ. ಆಕೆ ಗದ್ದಲ ಮಾಡದೆ, ಹತ್ತು ದಿನ ಬಿಟ್ಟು, ತಟ್ಟೆ ತುಂಬ ಹೂ ಹಣ್ಣು ಹಿಡಿದು ಬಂದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಐದನೇ ತಿಂಗಳಿಗೇ ಕರೆದುಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ ಅಂತ ಪಟ್ಟು ಹಿಡಿದಳು. ಅಂಥ ಪದ್ಧತಿ ಇದೆಯೋ ಇಲ್ಲವೋ, ಗಂಗಮ್ಮನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಪವಿತ್ರ ಬಸ್ಸು ಹತ್ತುವಾಗ ಅವಳ ಬ್ಯಾಗಿನಲ್ಲಿ ಡಿಗ್ರಿ ಅಂಕಪಟ್ಟಿಯೂ ಡಾಕ್ಟರು ಬರೆದದ್ದರ ಪ್ರತಿಯೂ ಇದ್ದವು. ಅವಳು ಮತ್ತೆ ಆ ಮನೆಗೆ ಬರಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮಗ ಹುಟ್ಟಿದ ಮೇಲೆ ಅವಳು ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಇರುವ ಸಂರಕ್ಷಣಾಧಿಕಾರಿಯ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದಳು. ನನಗೆ ಸಾಕ್ಷಿ ಹೇಳಲು ಕರೆ ಬಂತು. ಮೊದಲ ಸಲ ಕಟಕಟೆ ಹತ್ತಿದ್ದು. ಲೋಕೇಶನ ವಕೀಲರು ನನ್ನ ಹಳೆಯ ರಿಜಿಸ್ಟರಿನ ಪ್ರತಿ ತೋರಿಸಿದರು.

"ಈ ಸಹಿ ನಿಮ್ಮದೇ ತಾನೆ?"

"ನನ್ನದೇ."

"ಜಾರಿ ಬಿದ್ದದ್ದು ಅಂತ ಬರೆದಿದ್ದೀರಿ. ಆಗ ಬರೆದದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

ಗಂಗಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಪವಿತ್ರ ಈ ಕಡೆ, ಬಲಗಿವಿ ನನ್ನತ್ತ ತಿರುಗಿಸಿಕೊಂಡು. ಒಂದು ಕ್ಷಣ, ಕೈತಪ್ಪಿನಿಂದ ಹಾಗಾಯಿತು ಅಂದುಬಿಡಲೇ ಅನಿಸಿತು. ನೌಕರಿ ಇನ್ನೂ ನಾಲ್ಕು ವರ್ಷ ಇತ್ತು. ಕರ್ತವ್ಯಲೋಪ ಅಂತ ನೋಟಿಸು ಬರಬಹುದಿತ್ತು.

"ಆಗ ಬರೆದದ್ದು ಅತ್ತೆ ಹೇಳಿದ ಮಾತು ಸಾರ್. ಪವಿತ್ರಾಳನ್ನು ನಾನು ಕೇಳಲೇ ಇಲ್ಲ. ತೋಳಿನಲ್ಲಿ ಬೆರಳಿನ ಗುರುತು ಇತ್ತು. ಅದು ಜಾರಿ ಬಿದ್ದದ್ದಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಬರೆದೆ."

ನ್ಯಾಯಾಧೀಶರು ತಲೆ ಎತ್ತಿ ನೋಡಿದರು. ಟೈಪಿಸ್ಟು ಅದಷ್ಟನ್ನೂ ಟೈಪು ಮಾಡಿದ. ನೋಟಿಸೂ ಬಂತು, ಉತ್ತರ ಕೊಟ್ಟೆ, ಎಚ್ಚರಿಕೆ ಕೊಟ್ಟು ಬಿಟ್ಟರು. ಪವಿತ್ರಾಳಿಗೆ ರಕ್ಷಣೆಯ ಆದೇಶ ಸಿಕ್ಕಿತು. ಈಗ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಎಡಗಿವಿ ಪೂರ್ತಿ ಸರಿಹೋಗಲಿಲ್ಲ. ಫೋನಿನಲ್ಲಿ ಮಾತಾಡುವಾಗ ಅವಳು ಒಮ್ಮೊಮ್ಮೆ "ಆ?" ಅಂದರೆ ನನ್ನ ಮಾತು ಅಲ್ಲೇ ನಿಂತುಹೋಗುತ್ತದೆ.

ನಮ್ಮ ಉಪಕೇಂದ್ರವನ್ನು ಗಂಗಮ್ಮನ ಯಜಮಾನರು ಖಾಲಿ ಮಾಡಿಸಿದರು. ಏಳೆಂಟು ತಿಂಗಳು ಅಂಗನವಾಡಿಯ ಜಗುಲಿಯಲ್ಲಿ, ಆಮೇಲೆ ಬೇರೊಂದು ಬಾಡಿಗೆ ಕೋಣೆಯಲ್ಲಿ ಕೂತೆವು. ಡಾಕ್ಟರ ನಿಯಮವನ್ನು ಅಲ್ಲಿಗೂ ತಂದೆ. ಬಿಪಿಗೆ ಬಂದರೂ ಮಾತ್ರೆಗೆ ಬಂದರೂ ಒಬ್ಬೊಬ್ಬರೇ ಒಳಗೆ. ಎಲ್ಲರನ್ನೂ ಕೇಳುತ್ತಿದ್ದೆ: ಊಟ ಸೇರುತ್ತಾ, ನಿದ್ದೆ ಬರುತ್ತಾ, ಮನೇಲಿ ಯಾರಾದರೂ ಹೊಡೀತಾರಾ, ಹೆದರಿಸ್ತಾರಾ. ಬಹಳ ಜನ ಇಲ್ಲ ಅನ್ನುತ್ತಿದ್ದರು. ಕೆಲವರು ಇಲ್ಲ ಅಂದು, ಬಾಗಿಲ ತನಕ ಹೋಗಿ, ತಿರುಗಿ ಬರುತ್ತಿದ್ದರು. ಅಂಥವರಲ್ಲಿ ಕೆಲವರಿಗೆ ನಾನು ಉಪಯೋಗಕ್ಕೆ ಬಂದೆ, ಕೆಲವರಿಗೆ ಬರಲಿಲ್ಲ. ಎಷ್ಟೋ ಜನ ಬಾಡಿಗೆ ಮನೆ ಬದಲಿಸಿ ಕಣ್ಮರೆಯಾದರು.

ನಿವೃತ್ತಿಗೆ ಒಂದು ವರ್ಷ ಇದ್ದಾಗ ಒಂದು ಬೆಳಿಗ್ಗೆ ಗಂಗಮ್ಮ ಬಂದಳು. ಕೋರ್ಟಿನ ಪ್ರಸಂಗ ಆದ ಮೇಲೆ ನನ್ನ ಜೊತೆ ಮಾತು ಬಿಟ್ಟವಳು. ಕೂತು ಕೈ ಚಾಚಿದಳು. ಬಿಪಿ ಬಹಳ ಏರಿತ್ತು. ಬರೆದುಕೊಂಡೆ. ಎಲ್ಲರನ್ನೂ ಕೇಳುವುದನ್ನು ಅವಳನ್ನೂ ಕೇಳಬೇಕಿತ್ತು. ಹಾಗೂ ಹೀಗೂ ಕೇಳಿದೆ. "ಗಂಗಮ್ಮ, ಮನೇಲಿ ನಿನ್ನ ಯಾರಾದ್ರೂ ಹೊಡೀತಾರಾ?"

ಅವಳು ಎದ್ದು ಹೋಗುತ್ತಾಳೆ ಅಂದುಕೊಂಡೆ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅನ್ನೊಂದು ವರ್ಸ ಒಂದೇ ಗೋಡೆ ಆಚೆಗೆ ಕೂತಿದ್ದೆಯಲ್ಲ ನರ್ಸಮ್ಮ" ಅಂದಳು. "ಆವಾಗ ಕೇಳ್ನಿಲ್ಲ."

ಯಜಮಾನರು ಮದುವೆಯಾದಂದಿನಿಂದ ಹೊಡೆಯುತ್ತಿದ್ದರು. ಈಗ ಮಗನೂ ಕುಡಿದು ಬಂದರೆ ಕೈ ಎತ್ತುತ್ತಿದ್ದ. ನಾನು ಪೆನ್ನು ತೆಗೆದುಕೊಂಡಾಗ, "ಬರ್ಕೋಬ್ಯಾಡ. ಸುಮ್ಕೆ ಕೇಳು" ಅಂದಳು. ಪೆನ್ನಿಟ್ಟೆ. ಹೊರಗೆ ಸಾಲು ಬೆಳೆಯುತ್ತಿತ್ತು, ಬೆಳೆಯಲಿ ಅಂದುಕೊಂಡೆ. ಏನೇನು ಮಾಡಬಹುದು, ಯಾರ ಹತ್ತಿರ ಹೋಗಬಹುದು ಅಂತ ಹೇಳಿದೆ.

ಏಳುವಾಗ, "ಪವಿತ್ರನ ಮಗ ಎಂಗವ್ನೆ? ಸ್ಕೂಲ್ಗೆ ಓಯ್ತಾನಾ? ಯಾವೂರಾಗವ್ರೆ ಈಗ?" ಅಂದಳು. ಅವಳ ಕಣ್ಣಲ್ಲಿ ಇದ್ದದ್ದು ಬರೀ ಮೊಮ್ಮಗನ ಆಸೆ, ಅದು ನನಗೆ ಚೆನ್ನಾಗಿ ಕಾಣುತ್ತಿತ್ತು. ಎರಡು ದಿನದ ಹಿಂದೆ ಪವಿತ್ರ ಆ ಹುಡುಗನ ಫೋಟೋ ಕಳಿಸಿದ್ದಳು, ಅದು ನನ್ನ ಫೋನಿನಲ್ಲೇ ಇತ್ತು.

"ಅದನ್ನ ನಾನು ಹೇಳಂಗಿಲ್ಲ ಗಂಗಮ್ಮ."

ಅವಳು ಮಾತ್ರೆಯ ಪಟ್ಟಿಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಹೊರಟಳು. ನಾನು ಮುಂದಿನವರನ್ನು ಕರೆದೆ, ಆದರೆ ಅವರು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ಇನ್ನು ಗಂಗಮ್ಮ ಬರುವುದಿಲ್ಲ ಅಂದುಕೊಂಡೆ.

ಮುಂದಿನ ತಿಂಗಳು ಮಾತ್ರೆ ಮುಗಿಯುವ ದಿನಕ್ಕೆ ಸರಿಯಾಗಿ ಬಂದಳು. ಸಾಲಿನಲ್ಲಿ ಎರಡನೆಯವಳಾಗಿದ್ದಳು. ಹಿಂದೆ ಬಂದವರನ್ನೆಲ್ಲ "ನೀ ಓಗವ್ವ, ನಂಗೇನ್ ಅರ್ಜೆಂಟಿಲ್ಲ" ಅಂತ ಒಬ್ಬೊಬ್ಬರನ್ನಾಗಿ ಮುಂದೆ ಕಳಿಸುತ್ತಾ, ಕೊನೆಯವಳಾಗುವ ತನಕ ಬೆಂಚಿನ ಮೇಲೆ ಕೂತಿದ್ದಳು. ಆಮೇಲೆ ಒಳಗೆ ಬಂದು ಬಾಗಿಲು ಮುಚ್ಚಿದಳು.